ಮಗಳ ಓದಿನ ಹಣಕ್ಕೆ ತೆರಿಗೆಯ ಅಂಜಿಕೆ ಬೇಡ

(ಮುಂಬಯಿಯಲ್ಲಿ ಭಾನುವಾರ ಸೇರಿದ್ದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ತೆರಿಗೆಯ ಪಂಡಿತನಲ್ಲ. ನಿಮ್ಮಂತೆಯೇ ಪಾಳಿಯ ಮೇಲೆ ದುಡಿಯುವವನು. ಆದರೂ ಈ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಒತ್ತಾಯಿಸಿದರು. ಕಾರಣ, ತಿಳಿಯದೆ ನಾನೇ ಒಮ್ಮೆ ಸಾಲದ ಬಾವಿಗೆ ಬೀಳುವುದರಲ್ಲಿದ್ದೆ.

2024ರ ಜೂನ್ ತಿಂಗಳು. ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀ ಕಟ್ಟಲು ಎಂಟು ದಿನಗಳ ಗಡುವು. ಅವಳ ಹೆಸರಿನಲ್ಲಿ 2015ರಲ್ಲಿ ತೆರೆದ ಸುಕನ್ಯಾ ಸಮೃದ್ಧಿ ಖಾತೆ ಇತ್ತು. “ಅದನ್ನು ಮುಟ್ಟಬೇಡ, ಮೂರರಲ್ಲೊಂದು ಪಾಲು ತೆರಿಗೆಗೆ ಹೋಗುತ್ತದೆ” ಎಂದು ಜೊತೆಯವರೊಬ್ಬರು ಹೆದರಿಸಿದರು. “ಮದುವೆಗಿರಲಿ” ಎಂದು ಊರಿನಿಂದ ಅಣ್ಣನೂ ಹೇಳಿಕಳುಹಿಸಿದ. ಹೆಂಡತಿಯ ಬಳೆ ಅಡವಿಡಲು ಹೊರಟೆ. “ಮೊದಲು ಅಂಚೆ ಕಚೇರಿಯಲ್ಲಿ ಕೇಳಿ ಬನ್ನಿ” ಎಂದು ಅವಳೇ ತಡೆದಳು. ಕೇಳಿದೆ. ಒಂದು ಪೈಸೆಯ ತೆರಿಗೆಯೂ ಇರಲಿಲ್ಲ!

ಬಂಧುಗಳೇ, ನಿಯಮ ಹೀಗಿದೆ. ಹುಡುಗಿಗೆ 10 ವರ್ಷ ತುಂಬುವುದರೊಳಗೆ ಈ ಖಾತೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ ಒಂದೂವರೆ ಲಕ್ಷ. ಹಣ ಕಟ್ಟುವುದು 15 ವರ್ಷ. ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. ಒಂಬತ್ತರ ವಯಸ್ಸಿನಲ್ಲಿ ತೆರೆದರೆ ಪೂರ್ಣ ಹಣ ಕೈಸೇರುವಾಗ ಅವಳಿಗೆ ಮೂವತ್ತು! ಕಾಲೇಜು ಅಷ್ಟು ದಿನ ಕಾಯುತ್ತದೆಯೇ? ಆದುದರಿಂದಲೇ ಕಾನೂನು ನಡುವೆ ಒಂದು ಬಾಗಿಲು ಇಟ್ಟಿದೆ. ಹುಡುಗಿ ಹತ್ತನೆಯ ತರಗತಿ ಪಾಸಾದರೆ, ಇಲ್ಲವೇ 18 ತುಂಬಿದರೆ, ಯಾವುದು ಮೊದಲೋ ಅದರಂತೆ, ಹಿಂದಿನ ಆರ್ಥಿಕ ವರ್ಷದ ಕೊನೆಗೆ ಇದ್ದ ಹಣದ ಅರ್ಧದವರೆಗೆ ಓದಿಗಾಗಿ ತೆಗೆಯಬಹುದು. ಒಂದೇ ಸಲ ತೆಗೆಯಬಹುದು, ಇಲ್ಲವೇ ವರ್ಷಕ್ಕೊಂದರಂತೆ ಐದು ವರ್ಷ ಕಂತಿನಲ್ಲಿ ತೆಗೆಯಬಹುದು.

ಖಾತೆಯಲ್ಲಿ 1,50,000 ರೂಪಾಯಿ ಇದ್ದರೆ 75,000ದ ತನಕ ಅವಕಾಶ. ಆದರೆ ಕಾಲೇಜು ಕೇಳಿದ ಫೀ 40,000 ಆದರೆ ಅಷ್ಟೇ ಸಿಗುವುದು. ಪ್ರವೇಶದ ಪತ್ರ ಅಥವಾ ಫೀ ಚೀಟಿ ಒಯ್ಯಲೇಬೇಕು. 18 ತುಂಬಿದ ಮೇಲೆ ಖಾತೆಯ ಒಡತಿ ಅವಳೇ, ಸಹಿಯೂ ಅವಳದೇ. ಹೀಗೆ ತೆಗೆದ ಹಣ ತಂದೆಯ ಆದಾಯವೂ ಅಲ್ಲ, ಮಗಳ ತೆರಿಗೆಗೊಳಪಡುವ ಆದಾಯವೂ ಅಲ್ಲ. ಪಿಪಿಎಫ್‌ನಿಂದ ನಿಯಮದಂತೆ ತೆಗೆಯುವ ಹಣಕ್ಕೂ ತೆರಿಗೆಯಿಲ್ಲ.

ಬ್ಯಾಂಕಿನ ನಿಶ್ಚಿತ ಠೇವಣಿಯ ಮಾತು ಬೇರೆ. ಅಲ್ಲಿ ಅಸಲಿಗೆ ತೆರಿಗೆಯಿಲ್ಲ; ಬಡ್ಡಿ ಮಾತ್ರ ವರ್ಷವರ್ಷವೂ ಆದಾಯವೇ. “ಮಗುವಿನ ಹೆಸರಲ್ಲಿಟ್ಟರೆ ಲೆಕ್ಕಕ್ಕಿಲ್ಲ” ಎಂಬುದು ತಪ್ಪು ತಿಳಿವಳಿಕೆ. ಮಗುವಿಗೆ 18 ತುಂಬುವ ತನಕ ಆ ಬಡ್ಡಿ ತಂದೆತಾಯಿಗಳಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರುತ್ತದೆ. ಆದರೂ ನಮ್ಮಲ್ಲಿ ಬಹುಮಂದಿ ಹೆದರಬೇಕಾಗಿಲ್ಲ. 2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಕೊಡಬೇಕಾಗಿಲ್ಲ. ಹಳೆಯ ಪದ್ಧತಿಯಲ್ಲಿರುವವರು ಮಾತ್ರ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ಒಂದೂವರೆ ಲಕ್ಷದ ಒಟ್ಟು ಮಿತಿಯೊಳಗೆ ವಿನಾಯಿತಿ ಕೇಳಬಹುದು. ರಸೀದಿ ಎಸೆಯಬೇಡಿ.

ಇನ್ನು ಅಣ್ಣನ ಮಾತಿಗೆ ಬರುತ್ತೇನೆ. ಮದುವೆಗೂ ಈ ಖಾತೆಯನ್ನು ಮುಚ್ಚಬಹುದು, ನಿಜ. ಆದರೆ ಮದುವೆಯನ್ನು ಒಂದು ವರ್ಷ ಮುಂದೂಡಬಹುದು. ಫೀ ಕಟ್ಟುವ ದಿನವನ್ನು ಮುಂದೂಡಲಾಗದು. ಅಣ್ಣನಿಗೆ ಹಾಗೆಂದೇ ಬರೆದೆ. ಅವನು ಆರು ತಿಂಗಳು ಮಾತುಬಿಟ್ಟ. ಮಗಳು ಮಾತ್ರ ಒಂದು ದಿನವೂ ಕಾಲೇಜು ಬಿಟ್ಟಿಲ್ಲ.

ಆದ ಕಾರಣ ನನ್ನ ಅರಿಕೆ ಇಷ್ಟೇ: ಬಡ್ಡಿಯವನ ಬಾಗಿಲಿಗೆ ಹೋಗುವ ಮೊದಲು ನಿಮ್ಮದೇ ಪಾಸ್‌ಪುಸ್ತಕವನ್ನು ತೆರೆದು ನೋಡಿ. ಓದಲು ಬಾರದವರು ಸಂಘಕ್ಕೆ ತನ್ನಿ, ಕುಳಿತು ಓದೋಣ.