ದಾಸೋಹವೂ ಸಮಾಜಕಾರ್ಯವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪ್ರೊ. ಎಚ್. ಎಂ. ಮರುಳಸಿದ್ಧಯ್ಯನವರ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು.

ಹಸಿದವರಿಗೆ ಅನ್ನವಿಕ್ಕುವುದನ್ನು ಕಲಿಯಲು ವಿಶ್ವವಿದ್ಯಾನಿಲಯವೇತಕ್ಕೆ ಎಂದು ನಮ್ಮ ಹಿರಿಯರು ಕೇಳುವುದುಂಟು. ದಾಸೋಹದ ನೆರಳಿನಲ್ಲಿ ಬೆಳೆದ ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು.

ನಮ್ಮ ದೇಶದಲ್ಲಿ ಸಮಾಜಕಾರ್ಯದ ಶಿಕ್ಷಣವು 1936ರಲ್ಲಿ ಮುಂಬಯಿಯಲ್ಲಿ ಮೊದಲಾಯಿತು. ಅಂದಿನ ಬಳ್ಳಾರಿ ಜಿಲ್ಲೆಯ ಹಿರೇಕುಂಬಳಗುಂಟೆಯಲ್ಲಿ 1931ರಲ್ಲಿ ಜನಿಸಿದ ಮರುಳಸಿದ್ಧಯ್ಯನವರು ಈ ವಿದ್ಯೆಯನ್ನು ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. ಅದನ್ನು ಕನ್ನಡದಲ್ಲಿ ಬರೆದು ನಮಗೆ ನಿಲುಕುವಂತೆಯೂ ಮಾಡಿದರು. 2018ರಲ್ಲಿ ಲಿಂಗೈಕ್ಯರಾದರು. ಈ ವಿದ್ಯೆಯಲ್ಲಿ ಗ್ರಂಥಪಾಠದಷ್ಟೇ ಕ್ಷೇತ್ರಕಾರ್ಯವೂ ಮುಖ್ಯವಾದುದು. ಶಿಷ್ಯನು ಕೊಳೆಗೇರಿಗೋ ಆಸ್ಪತ್ರೆಗೋ ಹೋಗಿ, ಕಂಡು ಕೇಳಿದುದನ್ನು ಬರೆದು ತಂದು ಗುರುವಿಗೆ ಒಪ್ಪಿಸಬೇಕು. ತಾನು ಎಲ್ಲಿ ಎಡವಿದೆನೆಂಬುದನ್ನೂ ಮರೆಮಾಚದೆ ಬರೆಯಬೇಕು.

ಅವರ ಸಂಶೋಧನೆಯ ಮಾತು ಬೇರೆಯೇ. ಮಾಕುಂಟಿಯೆಂಬ ಹಳ್ಳಿಯ ವೃದ್ಧರನ್ನು ಕುರಿತ ಅವರ ಆಂಗ್ಲ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾನಿಲಯವು 1969ರಲ್ಲಿ ಪ್ರಕಟಿಸಿತು. ಅದಕ್ಕೆ ಮೊದಲೇ, 1966ರಲ್ಲಿ, ವೃದ್ಧರ ಅಧಿಕಾರವು ಕುಂದುತ್ತಿರುವುದನ್ನು ಕುರಿತು ಅವರದೊಂದು ಲೇಖನವು ಬಂದಿದ್ದಿತು. ಅವಿಭಕ್ತ ಕುಟುಂಬದಲ್ಲಿ ಮುದುಕರಿಗೇನು ಕೊರತೆ ಎಂದು ನಾವು ಹೆಮ್ಮೆಪಡುತ್ತಿದ್ದ ಕಾಲವದು!

ಈ ಮಾತಿನ ತಿರುಳು ನನಗೆ ತಿಳಿದುದು ಶ್ರೀಮಠದ ಜಗುಲಿಯ ಮೇಲೆ. ಹೊಲಮನೆಗಳಲ್ಲಿ ಕೊರತೆಯಿಲ್ಲದ ಯಜಮಾನರೊಬ್ಬರು ದಿನವೂ ಪ್ರಸಾದಕ್ಕೆ ಬರುತ್ತಿದ್ದರು. ಅವರ ಭಕ್ತಿಯನ್ನು ನಾವು ಕೊಂಡಾಡುತ್ತಿದ್ದೆವು. ಸಮಾಜಕಾರ್ಯವನ್ನು ಓದುತ್ತಿದ್ದ ಹುಡುಗನೊಬ್ಬನು ರಜೆಯಲ್ಲಿ ಬಂದವನು ನಾಲ್ಕು ದಿನ ಅವರ ಪಕ್ಕದಲ್ಲಿ ಕುಳಿತನು. ಐದನೆಯ ದಿನ ಅವರೇ ಹೇಳಿದರಂತೆ: “ಹೊಲ ಮಕ್ಕಳ ಹೆಸರಿಗೆ ಬರೆದುಕೊಟ್ಟೆನಪ್ಪ. ಅಲ್ಲಿ ಇನ್ನೊಂದು ರೊಟ್ಟಿ ಬೇಕಾದರೆ ಕೇಳಬೇಕು. ಇಲ್ಲಿ ಕೇಳುವ ಮೊದಲೇ ಬಡಿಸುತ್ತಾರೆ.” ವರ್ಷಗಟ್ಟಲೆ ಬಡಿಸಿದ ನಾವು ಒಮ್ಮೆಯೂ ಅವರ ಪಕ್ಕದಲ್ಲಿ ಕುಳಿತಿರಲಿಲ್ಲ.

ಆದುದರಿಂದ ಸನ್ನಿಧಾನದಲ್ಲಿ ನನ್ನ ಬಿನ್ನಹವಿಷ್ಟೇ. ಮಹೋತ್ಸವದ ನಿಧಿಯಿಂದ ನಮ್ಮ ವಿದ್ಯಾರ್ಥಿನಿಲಯದ ಇಬ್ಬರನ್ನು, ಅವರಲ್ಲಿ ಒಬ್ಬಳು ಹೆಣ್ಣುಮಗಳಾಗಿರಲಿ, ಈ ವಿದ್ಯೆಯನ್ನು ಕಲಿಯಲು ಕಳುಹಿಸಬೇಕು. ಮರಳಿ ಬಂದಾಗ ಅವರಿಗೆ ಕಛೇರಿಯ ಕೋಣೆ ಬೇಡ. ಜಗುಲಿಯ ಮೇಲೆ, ಆ ಯಜಮಾನರ ಪಕ್ಕದಲ್ಲಿ ಒಂದು ಚಾಪೆಯನ್ನು ಹಾಸಿಕೊಟ್ಟರೆ ಸಾಕು.