ಕಾರ್ಡು ಯಾರ ಕೈಯಲ್ಲಿರಬೇಕು?

(ಮ್ಹೈಸಾಳದ ಶ್ರಮಿಕರ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕು ನಮ್ಮ ಸೀಮೆಗೆ ಹೊಸದಲ್ಲ. ಸಾಂಗ್ಲಿ ಬ್ಯಾಂಕು 1916ರಲ್ಲಿಯೇ ಹುಟ್ಟಿ, 2007ರಲ್ಲಿ ಐ.ಸಿ.ಐ.ಸಿ.ಐ. ಬ್ಯಾಂಕಿನಲ್ಲಿ ವಿಲೀನವಾಯಿತು. ಅಷ್ಟು ವರ್ಷಗಳೂ ಕಬ್ಬು ಕಡಿಯುವ, ದ್ರಾಕ್ಷಿ ತೋಟದಲ್ಲಿ ದುಡಿಯುವ, ಇಟ್ಟಿಗೆ ಹೊರುವ ನಮ್ಮಲ್ಲಿ ಅನೇಕರು ಬ್ಯಾಂಕಿನ ಬಾಗಿಲನ್ನು ಹೊರಗಿನಿಂದಲೇ ನೋಡಿದವರು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಆರಂಭವಾದ ಮೇಲೆ ನಾವೂ ಒಳಗೆ ಹೋದೆವು. ಖಾತೆಯೊಂದಿಗೆ ರುಪೇ ಕಾರ್ಡೂ ಬಂತು. 2023ರ ಆಗಸ್ಟ್ ಹೊತ್ತಿಗೆ ದೇಶದಲ್ಲಿ ಇಂಥ ಖಾತೆಗಳು 50 ಕೋಟಿ ದಾಟಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರವು.

ಕಾರ್ಡು ಬಂತು, ನಿಜ. ಆದರೆ ಅದು ಯಾರ ಕೈಗೆ ಬಂತು? ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ.

ಕೆಲವರ ಕಾರ್ಡು ಬಂದ ಲಕೋಟೆಯಲ್ಲಿಯೇ ಪೆಟ್ಟಿಗೆಯ ತಳ ಸೇರಿದೆ. ಇನ್ನು ಕೆಲವರ ಕಾರ್ಡು ಮುಕಾದಮನ ಕಿಸೆಯಲ್ಲಿದೆ. ಒಂದು ಕಡೆ ಹತ್ತು ಹನ್ನೆರಡು ಹೆಂಗಸರ ಕಾರ್ಡುಗಳನ್ನು ರಬ್ಬರು ಹಾಕಿ ಕಟ್ಟಿಟ್ಟಿದ್ದುದನ್ನು ನಾವೇ ಕಂಡಿದ್ದೇವೆ. ಪ್ರತಿಯೊಂದರ ಹಿಂದೆಯೂ ಪಿನ್ ಅಂಕೆಗಳನ್ನು ಪೆನ್ನಿನಿಂದ ಬರೆದಿತ್ತು. ಪಗಾರ ಖಾತೆಗೆ ಪೂರ್ತಿ ಬೀಳುತ್ತಿತ್ತು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ಮಷೀನಿನಿಂದ ಹಣ ತೆಗೆಯುವವನು ಮಾತ್ರ ಬೇರೆ. ಕೈಗೆ ಬಂದದ್ದೇ ಕೂಲಿ ಎಂದು ಆ ತಾಯಂದಿರು ತಿಳಿದಿದ್ದರು. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿದ ದಿನ ಲೆಕ್ಕದ ಅಂತರ ಕಣ್ಣಿಗೆ ಬಿತ್ತು.

ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ನಿಮಗೆ ಓದಲು ಬರುವುದಿಲ್ಲ, ಕಳೆದುಕೊಳ್ಳುತ್ತೀರಿ. ಉಚಲ ಕೊಟ್ಟಿದ್ದೇನೆ, ಅದು ತೀರುವುದು ಹೇಗೆ?” ಉಚಲ ಸಾಲವೇ, ಅಲ್ಲವೆನ್ನುವುದಿಲ್ಲ. ಆದರೆ ಸಾಲವನ್ನು ಬರೆದಿಟ್ಟು, ಲೆಕ್ಕ ತೋರಿಸಿ ತೆಗೆದುಕೊಳ್ಳಬೇಕು. ಕಾರ್ಡನ್ನು ಒತ್ತೆಯಿಟ್ಟುಕೊಂಡರೆ ಅವನು ಎಷ್ಟು ತೆಗೆದನೆಂಬುದಕ್ಕೆ ಮಿತಿಯೇ ಇರುವುದಿಲ್ಲ. ಆ ತಾಯಂದಿರು ಒಬ್ಬೊಬ್ಬರಾಗಿ ಹೋಗದೆ ಎಲ್ಲರೂ ಕೂಡಿ ಹೋಗಿ ಕೇಳಿದರು. ಕಾರ್ಡುಗಳು ಕೈಗೆ ಬಂದವು. ಇಬ್ಬರಿಗೆ ಆ ವಾರ ಕೆಲಸ ಸಿಗಲಿಲ್ಲ, ಇದನ್ನೂ ಮುಚ್ಚಿಡಬಾರದು. ಉಳಿದವರು ಆ ಇಬ್ಬರ ಮನೆಗೆ ಜೋಳ, ಅಕ್ಕಿ ಮುಟ್ಟಿಸಿದರು. ಒಗ್ಗಟ್ಟೆಂದರೆ ಅಷ್ಟೇ.

ಕಾರ್ಡನ್ನೂ ಪಿನ್ನನ್ನೂ ನಾವಾಗಿ ಇನ್ನೊಬ್ಬರಿಗೆ ಕೊಟ್ಟರೆ ಕಾನೂನಿನ ಆಸರೆಯೂ ತಪ್ಪುತ್ತದೆ. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ನಿಯಮದ ಪ್ರಕಾರ, ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ಪಿನ್ನನ್ನು ನಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದುದೆಲ್ಲ ನಮ್ಮದೇ ನಷ್ಟ.

ಪೆಟ್ಟಿಗೆಯಲ್ಲಿಟ್ಟ ಕಾರ್ಡಿಗೂ ನಷ್ಟವುಂಟು. ಜನಧನದ ರುಪೇ ಕಾರ್ಡಿಗೆ ಅಪಘಾತ ವಿಮೆಯಿದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ ಅದು ಎರಡು ಲಕ್ಷ ರೂಪಾಯಿ, ಹಿಂದಿನವಕ್ಕೆ ಒಂದು ಲಕ್ಷ. ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಒಮ್ಮೆಯಾದರೂ ಕಾರ್ಡು ಬಳಸಿರಬೇಕು. ಕಬ್ಬಿನ ಟ್ರ್ಯಾಕ್ಟರಿನ ಮೇಲೆ ರಾತ್ರಿ ಹಗಲು ತಿರುಗುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಎರಡು ತಿಂಗಳಿಗೊಮ್ಮೆಯಾದರೂ ನೂರು ರೂಪಾಯಿ ತೆಗೆಯಿರಿ.

ಇನ್ನು ಬಳಸುವ ಬಗೆ. ಕನ್ನಡ ಶಾಲೆಯಲ್ಲಿ ಕಲಿತ ನಮಗೆ ಇಲ್ಲಿನ ಮಷೀನಿನ ಮರಾಠಿ, ಹಿಂದಿ, ಇಂಗ್ಲಿಷು ತೊಡಕಾಗುವುದು ಸಹಜ. ಗಡಿ ದಾಟಿ ಕಾಗವಾಡಕ್ಕೆ ಹೋದರೂ ಇದೇ ಕಾರ್ಡು ನಡೆಯುತ್ತದೆ. ರಾಜ್ಯದ ಗಡಿ ಕಾರ್ಡಿಗಿಲ್ಲ. ಮೊದಲ ಸಲ ಓದು ಬಲ್ಲ ಮಗಳನ್ನೋ ಮಗನನ್ನೋ ಜೊತೆಗೆ ಕರೆದೊಯ್ಯಿರಿ. ಪರದೆಯನ್ನು ಅವರು ಓದಲಿ. ಪಿನ್ ಒತ್ತುವ ಬೆರಳು ಮಾತ್ರ ನಿಮ್ಮದಿರಲಿ. ಇನ್ನೊಂದು ಕೈಯನ್ನು ಅದರ ಮೇಲೆ ಮರೆ ಹಿಡಿಯಿರಿ. ಪಿನ್ನನ್ನು ಕಾರ್ಡಿನ ಮೇಲೆ ಬರೆಯಬೇಡಿ. ಅಂಕೆ ತಪ್ಪಿತೆಂದು ಮತ್ತೆ ಮತ್ತೆ ಒತ್ತಬೇಡಿ, ಕಾರ್ಡು ನಿಂತುಹೋಗುತ್ತದೆ. ಸಹಾಯಕ್ಕೆ ಬರುವ ಅಪರಿಚಿತನ ಕೈಗೆ ಕಾರ್ಡು ಕೊಡಬೇಡಿ. ಕಣ್ಣು ಮಿಟುಕಿಸುವುದರೊಳಗೆ ಬದಲಾಯಿಸಿಯಾನು. ಪಿನ್ ಇನ್ನೊಬ್ಬರಿಗೆ ಗೊತ್ತಾಗಿದ್ದರೆ ಅಂದೇ ಬದಲಿಸಿರಿ. ಬ್ಯಾಂಕಿನವರೆಂದು ಫೋನಿನಲ್ಲಿ ಪಿನ್ನನ್ನೋ ಓ.ಟಿ.ಪಿ.ಯನ್ನೋ ಕೇಳುವವನು ಬ್ಯಾಂಕಿನವನಲ್ಲ.

ಹಣ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ ಹೆದರಬೇಡಿ. ಚೀಟಿ ಬಂದಿದ್ದರೆ ಇಟ್ಟುಕೊಂಡು ನಿಮ್ಮ ಬ್ಯಾಂಕಿಗೆ ತಿಳಿಸಿರಿ. ಐದು ದಿನಗಳೊಳಗೆ ಹಣ ಮರಳಿ ಬರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಬ್ಯಾಂಕು ಕೊಡಬೇಕೆಂದು 2019ರಲ್ಲಿ ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದೆ. ದೂರು ಬರೆದುಕೊಟ್ಟು ಮೂವತ್ತು ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಮೋಸವಾದರೆ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ, ಕೂಡಲೇ 1930ಕ್ಕೆ ಫೋನು ಮಾಡಿರಿ.

ಹಿಂದೆ ಕೂಲಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೆವು. ಎಷ್ಟೆಂದು ಬರೆದಿದೆ ಎಂಬುದು ಬರೆದವನಿಗೆ ಮಾತ್ರ ಗೊತ್ತಿತ್ತು. ಈಗ ಆ ಹೆಬ್ಬೆಟ್ಟಿನ ಜಾಗಕ್ಕೆ ನಾಲ್ಕು ಅಂಕೆಗಳು ಬಂದಿವೆ. ನಮ್ಮ ಹೆಬ್ಬೆರಳನ್ನು ಕತ್ತರಿಸಿ ಮುಕಾದಮನ ಕಿಸೆಯಲ್ಲಿಡಲು ಯಾರೂ ಒಪ್ಪುವುದಿಲ್ಲ. ಈ ಅಂಕೆಗಳನ್ನೂ ಹಾಗೆಯೇ ಕಾಯಬೇಕು.

ಬರುವ ಕೂಟಕ್ಕೆ ಪ್ರತಿಯೊಬ್ಬರೂ ಪಾಸ್‌ಬುಕ್ ತನ್ನಿರಿ. ಎಂಟ್ರಿ ಹಾಕಿಸಿಕೊಂಡು ಬನ್ನಿರಿ. ಕಾರ್ಡು ಬೇರೆಯವರ ಬಳಿಯಿದ್ದರೆ ನಾಚಿಕೊಳ್ಳದೆ ಹೇಳಿರಿ. ಕೇಳಲು ನಾವೆಲ್ಲರೂ ಜೊತೆಯಲ್ಲಿ ಬರುತ್ತೇವೆ.