ಅಂಕಗಳ ನಡುವೆ ಹಂಸ



ಕಳೆದ ವಾರ ಜಯನಗರದ ಮಿತ್ರರೊಬ್ಬರ ಮನೆಯಲ್ಲಿ, ಕುಮುದೇಂದು ಮುನಿ ರಚಿಸಿದನೆಂಬ ‘ಸಿರಿಭೂವಲಯ’ದ ಮುದ್ರಿತ ಪ್ರತಿಯನ್ನು ನೋಡುವ ಸುಯೋಗ ನನಗೊದಗಿತು. ಯಲ್ಲಪ್ಪಶಾಸ್ತ್ರಿಗಳೂ ಕರ್ಲಮಂಗಲಂ ಶ್ರೀಕಂಠಯ್ಯನವರೂ ಶ್ರಮಿಸಿ 1953ರಲ್ಲಿ ಬೆಳಕಿಗೆ ತಂದ ಗ್ರಂಥವಿದು. ಇದರ ಚಕ್ರಗಳಲ್ಲಿ ಅಕ್ಷರವೇ ಇಲ್ಲ. ಸಾಲಿಗೆ 27ರಂತೆ 729 ಮನೆಗಳು. ಅವುಗಳಲ್ಲಿ 1ರಿಂದ 64ರ ವರೆಗಿನ ಅಂಕಗಳು. ಒಂದೊಂದು ಅಂಕಕ್ಕೂ ಒಂದೊಂದು ಧ್ವನಿ.

ಇವನ್ನು ಓದುವ ಬಂಧಗಳಲ್ಲಿ ಹಂಸ, ಸಾರಸ, ಕ್ರೌಂಚ, ಮಯೂರಗಳ ಹೆಸರುಂಟು. ಮಿತ್ರರು ಸೀಸದಕಡ್ಡಿಯಿಂದ ಮನೆಯಿಂದ ಮನೆಗೆ ಗೆರೆಯೆಳೆದು, “ನೋಡಿ, ಹಂಸದ ಕೊರಳು!” ಎಂದರು. ನನಗೂ ಕಂಡಿತು, ನನಗೆ ಭಯವಾದುದೂ ಅದಕ್ಕೇ. ನಮ್ಮ ಹೆಣ್ಣುಮಕ್ಕಳು ದಿನಬೆಳಗಾದರೆ ಅಂಗಳದಲ್ಲಿ ಇದಕ್ಕಿಂತ ಎಷ್ಟೋ ಕಡಮೆ ಚುಕ್ಕೆಗಳಿಂದ ನವಿಲನ್ನು ಕುಣಿಸುತ್ತಾರಲ್ಲವೆ?

ಚಿತ್ರಕಾವ್ಯದ ಪದ್ಮಬಂಧದಲ್ಲಿ ಪದ್ಯವೂ ಪದ್ಮವೂ ಒಟ್ಟಿಗೆ ಕಣ್ಣೆದುರಿಗಿರುತ್ತವೆ. ಇಲ್ಲಿಯಾದರೋ ಹಾದಿಯನ್ನು ಓದುಗನೇ ಕಾಣಬೇಕು. ಆದುದರಿಂದ ಹಕ್ಕಿಯ ರೂಪಕ್ಕೆ ಮರುಳಾಗದೆ, ಆ ಹಾದಿಯಲ್ಲಿ ದೊರೆತ ಪದ್ಯವನ್ನು ಪರೀಕ್ಷಿಸಬೇಕು: ಅರ್ಥವುಂಟೆ? ಛಂದಸ್ಸುಂಟೆ? ಮತ್ತೊಬ್ಬರು ಅದೇ ಕ್ರಮ ಹಿಡಿದರೆ ಅದೇ ಪದ್ಯ ಬರುವುದೆ? ಕೃತಿ 9ನೆಯ ಶತಮಾನದ್ದೆಂಬ ವಾದವನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ. ಅದರ ಭಾಷೆಯೂ ಸಾಂಗತ್ಯವೂ ಬಹಳ ಈಚಿನವೆಂದೇ ನನಗೂ ತೋರುತ್ತದೆ. ಈಚಿನದಾದ ಮಾತ್ರಕ್ಕೆ ಹಂಸವೇನೂ ಹಾರಿಹೋಗದು.

ಬರುವ ಭಾನುವಾರ ನಾವಿಬ್ಬರೂ ಬೇರೆ ಬೇರೆ ಕುಳಿತು ಒಂದೇ ಚಕ್ರವನ್ನು ಓದುವುದೆಂದು ಒಪ್ಪಂದವಾಗಿದೆ.